ಗುರುವಾರದ ಮಗಳು

ನ್ಯಾ ಕಸಿಯಾನ ತೀರಿಕೊಂಡದ್ದು ಒಂದು ಗುರುವಾರ ಬೆಳಿಗ್ಗೆ, ಲಿದುವಿನಾ ಬರುವುದಕ್ಕೆ ಇನ್ನೂ ಎರಡು ಗಂಟೆ ಇರುವಾಗ. ಊರಲ್ಲಿ ಹಿರಿಯ ಹೆಂಗಸರ ಹೆಸರಿಗೆ ಗೌರವಕ್ಕೆ 'ನ್ಯಾ' ಸೇರಿಸುತ್ತಾರೆ; ಇವಳ ವಯಸ್ಸು ತೊಂಬತ್ತನಾಲ್ಕು. ಹಾಸಿಗೆ ಹಿಡಿದದ್ದು ಮೂರೇ ದಿನ. ಮಗಳು ನಿಮಿಯಾ ತಾಯಿಯ ಬಾಯಿಗೆ ಎರಡು ಚಮಚ ನೀರು ಬಿಟ್ಟಳು. ಮೂರನೆಯದು ಗಂಟಲಿಗಿಳಿಯದೆ ಕೆನ್ನೆಯ ಮೇಲೆ ಹರಿಯಿತು. ಅದನ್ನು ತನ್ನ ಶಾಲಿನ ತುದಿಯಲ್ಲಿ ಒರೆಸಿ, ಕಣ್ಣು ಮುಚ್ಚಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಮಂಚದ ಪಕ್ಕ ಕುಳಿತಳು. ಅಳು ಬರುವುದಕ್ಕೆ ಮೊದಲು ಅವಳ ಮನಸ್ಸಿಗೆ ಬಂದದ್ದು ಬೇರೆಯೇ ಮಾತು: ಲಿದುವಿನಾ ಬರುವಷ್ಟರಲ್ಲಿ ಅಮ್ಮ ಹೋದಳು, ನನ್ನೊಬ್ಬಳ ಕೈಯಲ್ಲಿ ಹೋದಳು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೆ ಅಳು ಬಂತು.

ಲಿದುವಿನಾ ಸಂಬಂಧಿಕಳಲ್ಲ. ಎರಡು ಬೇಲಿ ಆಚೆಯ ಮನೆಯವಳು. ಇತೌಗ್ವಾ ಊರಿನಲ್ಲಿ ಮೂರು ಮನೆಗೊಬ್ಬಳು ನ್ಯಾಂದುತಿ ಲೇಸು ಹೆಣೆಯುವವಳು ಸಿಗುತ್ತಾಳೆ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಜೇಡ ಬಲೆ ನೇಯ್ದ ಹಾಗೆ ಸೂಜಿದಾರದಲ್ಲಿ ಚಕ್ರ ಚಕ್ರವಾಗಿ ಹೂ ತುಂಬಿ, ಕೊನೆಗೆ ಬಟ್ಟೆಯನ್ನು ಕತ್ತರಿಸಿ ತೆಗೆದು ದಾರವನ್ನಷ್ಟೇ ಉಳಿಸುವ ಕೆಲಸ. ಆದರೆ ನ್ಯಾ ಕಸಿಯಾನಳ ಕೈ ಬೇರೆಯಾಗಿತ್ತು. ಅವಳ ಸೀಬೆ ಹೂವಿನ ಮೇಜುವಸ್ತ್ರ ನೋಡಲು ರಾಜಧಾನಿಯಿಂದ ಕಾರು ಮಾಡಿಕೊಂಡು ಬರುತ್ತಿದ್ದರು. ಆ ಕೈಯ ವಿದ್ಯೆ ಹೋದದ್ದು ಒಬ್ಬಳೇ ಮಗಳಾದ ನಿಮಿಯಾಳಿಗಲ್ಲ, ಲಿದುವಿನಾಳಿಗೆ.

ಅದು ನಡೆದಾಗ ನಿಮಿಯಾಳಿಗೆ ಹನ್ನೆರಡು ವರ್ಷ. ಮಾವಿನ ಮರದ ಕೆಳಗೆ ಕುಳಿತು ಮೊದಲ ಸೀಬೆ ಹೂ ಮುಗಿಸಿ ತಾಯಿಗೆ ತೋರಿಸಿದ್ದಳು. ತಾಯಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಒಂದು ಮಾತೂ ಆಡದೆ ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿದಳು. ಬೇಲಿಯ ಬಳಿ ನಿಂತು ನೋಡುತ್ತಿದ್ದ ಲಿದುವಿನಾಳನ್ನು ಕರೆದು ಚೌಕಟ್ಟನ್ನು ಅವಳ ತೊಡೆಯ ಮೇಲಿಟ್ಟಳು. "ನೀನು ಒಳಗೆ ಹೋಗಿ ಓದ್ಕೋ," ಎಂದಳು ಮಗಳಿಗೆ. ನಿಮಿಯಾ ಓದಿದಳು, ಶಾಲೆಯ ಟೀಚರಾದಳು, ಮೂವತ್ತೈದು ವರ್ಷ ಊರ ಮಕ್ಕಳಿಗೆ ಭಾಗಾಕಾರ ಕಲಿಸಿ ನಿವೃತ್ತಳಾದಳು. ಮದುವೆಯಾಗಲಿಲ್ಲ. ಕೊನೆಯ ಹನ್ನೊಂದು ವರ್ಷ ತಾಯಿಯ ಸ್ನಾನ, ಊಟ, ಔಷಧಿ ಎಲ್ಲವೂ ಅವಳದೇ. ಅಷ್ಟಾದರೂ ಸೂಜಿ ಹಿಡಿದ ಹೆಂಗಸು ಎದುರಿಗೆ ಸಿಕ್ಕಾಗಲೆಲ್ಲ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಅಭ್ಯಾಸ ಅವಳಿಗೆ ಹೋಗಲಿಲ್ಲ.

ಲಿದುವಿನಾ ಪ್ರತಿ ಗುರುವಾರ ಬರುತ್ತಿದ್ದಳು. ಬುಧವಾರ ಸಂಜೆಯಿಂದಲೇ ಮುದುಕಿಯ ತಯಾರಿ ಶುರು. "ನಿಮಿಯಾ, ನನ್ನ ಓಲೆ ಎಲ್ಲಿ? ಮೂರು ಕುಚ್ಚು ಜೋತಾಡೋದು." "ನಿಮಿಯಾ, ನಾಳೆ ತಲೆಗೆ ಸ್ವಲ್ಪ ಕಲೋನು ಸೆಂಟು ಹಾಕು." ಬಿಷಪ್ಪರು ಮನೆಗೆ ಬಂದಾಗಲೂ ಆ ಓಲೆ ಪೆಟ್ಟಿಗೆಯಿಂದ ಹೊರಗೆ ಬಂದಿರಲಿಲ್ಲ. ಗುರುವಾರ ಜಗಲಿಯಲ್ಲಿ ಇಬ್ಬರೂ ಕುಳಿತರೆ ಅಡುಗೆಮನೆಗೆ ನಗು ಕೇಳುತ್ತಿತ್ತು. ಆ ನಗುವನ್ನು ನಿಮಿಯಾ ಬೇರೆ ದಿನ ಕೇಳಿರಲಿಲ್ಲ. ಕೊಂಬಿನ ಲೋಟದಲ್ಲಿ ತಣ್ಣನೆಯ ತೆರೆರೆ ಕಷಾಯ ತುಂಬಿಕೊಂಡು ಅವಳು ಹೊರಗೆ ಬಂದರೆ ನಗು ನಿಲ್ಲುತ್ತಿತ್ತು. ತಾಯಿ ಮುಖ ಗಂಭೀರ ಮಾಡಿಕೊಂಡು, "ಗೇಟು ಹಾಕಿದ್ಯೇನೇ?" ಎಂದು ಕೇಳುತ್ತಿದ್ದಳು.

ಹೂಳಿ ಬಂದ ದಿನದಿಂದ ಒಂಬತ್ತು ದಿನದ ಪ್ರಾರ್ಥನೆ ಶುರುವಾಯಿತು. ನಡುಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪೀಠ ಕಟ್ಟಿ ಬಿಳಿ ಬಟ್ಟೆ ಹೊದಿಸಿ, ಮೇಲೆ ತಾಯಿಯ ಫೋಟೋ ಇಟ್ಟರು. ಪ್ರತಿದಿನ ಮಧ್ಯಾಹ್ನ ನಾಲ್ಕಕ್ಕೆ ನ್ಯಾ ತೆಯೋಫಿಲಾ ಬಂದು ಜಪಮಾಲೆ ನಡೆಸುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು, ಊರಿನ ಎಲ್ಲ ಸಾವಿಗೂ ಪ್ರಾರ್ಥನೆ ಹೇಳಿಸುವವಳು. ಬಾಯಿ ಸ್ವಲ್ಪ ಜೋರು. ದಕ್ಷಿಣದ ಚಳಿಗಾಳಿ ಬೀಸುತ್ತಿದ್ದ ಜೂನ್ ತಿಂಗಳು, ಅಲ್ಲಿ ಚಳಿಗಾಲ. ಪ್ರಾರ್ಥನೆ ಮುಗಿದ ಮೇಲೆ ಹೆಂಗಸರು ಶಾಲು ಹೊದ್ದು, ಬಿಸಿ ಕಾಫಿ ಹಿಡಿದು, ಸತ್ತವಳ ಮಾತಾಡುತ್ತ ಕೂರುತ್ತಿದ್ದರು.

ನಿಮಿಯಾಳಿಗೆ ಮುಳ್ಳಾದದ್ದು ಈ ಮಾತೇ. ಯಾರಾದರೂ ಅರ್ಧ ಹೇಳಿ ಕೊನೆಗೆ, "ಲಿದುವಿನಾ, ನೀನೇ ಹೇಳಮ್ಮ, ನಿಂಗೇ ಚೆನ್ನಾಗಿ ಗೊತ್ತು," ಅನ್ನುತ್ತಿದ್ದರು. ಲಿದುವಿನಾ ದಪ್ಪ ಗಾಜಿನ ಕನ್ನಡಕ ಸರಿಮಾಡಿಕೊಂಡು ಹೇಳುತ್ತಿದ್ದಳು. ಕರ್ನಲ್ ಒಬ್ಬನ ಹೆಂಡತಿ ಮೇಜುವಸ್ತ್ರ ಮುಗಿದ ಮೇಲೆ ನೀಲಿ ಬಣ್ಣ ಬೇಕಿತ್ತು ಅಂದಾಗ ಅಮ್ಮ ಬಾವಿಯ ಕಡೆ ಕೈ ತೋರಿಸಿ, 'ತಗೊಂಡು ಹೋಗಿ ಅದರಲ್ಲಿ ಅದ್ದಿ, ಆಕಾಶ ಅಂಟ್ಕೊಂಡ್ರೆ ನಿಮ್ಮ ಅದೃಷ್ಟ' ಅಂದದ್ದು. ಚರ್ಚಿನಲ್ಲಿ ಪಾದ್ರಿಗಳ ಉಪದೇಶ ಉದ್ದವಾದಾಗ ಶಾಲಿನೊಳಗೆ ಕೈಯಿಟ್ಟುಕೊಂಡು ಹೂ ಹೆಣೆಯುತ್ತಿದ್ದದ್ದು. ಹೆಂಗಸರು ಕಣ್ಣೊರೆಸಿಕೊಂಡು ನಗುತ್ತಿದ್ದರು. ನಿಮಿಯಾ ಕಾಫಿ ಬಗ್ಗಿಸುತ್ತ ಕೇಳುತ್ತಿದ್ದಳು. ಇದೊಂದೂ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ತಾಯಿಯ ರಕ್ತದೊತ್ತಡ ಎಷ್ಟು, ಯಾವ ಮಾತ್ರೆ ಊಟಕ್ಕೆ ಮೊದಲು, ಯಾವ ಮೊಣಕಾಲು ನೋಯುತ್ತಿತ್ತು ಎಂದು. ಅದನ್ನು ಕೇಳುವವರು ಯಾರು?

ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದದ್ದು ಲಿದುವಿನಾ 'ಅಮ್ಮ' ಅನ್ನುತ್ತಿದ್ದದ್ದು. 'ನ್ಯಾ ಕಸಿಯಾನ' ಅನ್ನಬಾರದೇ? ಉಳಿದವರು ಅನ್ನುವುದಿಲ್ಲವೇ?

ಐದನೆಯ ದಿನ ನ್ಯಾ ತೆಯೋಫಿಲಾ ಶಿಲುಬೆ ವಸ್ತ್ರದ ಮಾತೆತ್ತಿದಳು. ಒಂಬತ್ತನೆಯ ದಿನ ಸಮಾಧಿಯ ಶಿಲುಬೆಗೆ ಹೆಗಲ ಮೇಲೆ ಹೊದಿಸಿದ ಹಾಗೆ ಬಿಳಿಯ ವಸ್ತ್ರ ಹಾಕಬೇಕು. ಸಾಮಾನ್ಯರಿಗೆ ಸಾದಾ ಬಟ್ಟೆ ಸಾಕು, ನ್ಯಾ ಕಸಿಯಾನಳಿಗೆ ಸಾದಾ ಬಟ್ಟೆ ಹಾಕಿದರೆ ಊರು ನಗುತ್ತದೆ.

"ಅದೇನೂ ಚಿಂತೆಯಿಲ್ಲ ಬಿಡಿ, ನಮ್ಮ ಲಿದುವಿನಾ..." ಎಂದು ಮುದುಕಿ ಶುರುಮಾಡುವಷ್ಟರಲ್ಲಿ ನಿಮಿಯಾ ಕೈಯಲ್ಲಿದ್ದ ಕಾಫಿ ಪಾತ್ರೆ ಕೆಳಗಿಟ್ಟಳು.

"ವಸ್ತ್ರ ನಾನು ಮಾಡ್ತಿದ್ದೀನಿ."

ನ್ಯಾ ತೆಯೋಫಿಲಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀನಾ? ನೀನು ಕರವಸ್ತ್ರಕ್ಕೆ ಅಂಚು ಹೊಲಿದದ್ದನ್ನೂ ನಾನು ನೋಡಿಲ್ವಲ್ಲೇ."

"ನೀವು ನೋಡದೇ ಇರೋದು ಬಹಳ ಇದೆ, ನ್ಯಾ ತೆಯೋಫಿಲಾ. ಅರ್ಧ ಮುಗಿದಿದೆ."

ಲಿದುವಿನಾ ತಲೆಯೆತ್ತಲಿಲ್ಲ. "ಒಳ್ಳೇದಾಯ್ತು," ಎಂದಳು ಅಷ್ಟೇ. ಆ 'ಒಳ್ಳೇದಾಯ್ತು' ಕೂಡ ನಿಮಿಯಾಳಿಗೆ ಉದಾರ ಮನಸ್ಸಿನ ಪ್ರದರ್ಶನದ ಹಾಗೆ ಕೇಳಿಸಿತು.

ಅರ್ಧ ಮುಗಿದದ್ದಿರಲಿ, ಮನೆಯಲ್ಲಿ ಒಂದು ಚೌಕಟ್ಟೂ ಇರಲಿಲ್ಲ. ಮರುದಿನ ಬೆಳಿಗ್ಗೆ ಎದ್ದವಳೇ ನಿಮಿಯಾ ಬಸ್ಸು ಹತ್ತಿ ಕಾಕುಪೆಗೆ ಹೋದಳು. ಇತೌಗ್ವಾದ ಹೆದ್ದಾರಿ ಅಂಗಡಿಗಳಲ್ಲಿ ಕೊಂಡರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ಕಾಕುಪೆಯಲ್ಲಾದರೆ ಯಾತ್ರಿಕರ ನೂಕುನುಗ್ಗಲು, ಯಾರಿಗೂ ಯಾರ ಗುರುತೂ ಇಲ್ಲ. ಬಸಿಲಿಕಾ ಚರ್ಚಿನ ಹಿಂದಿನ ಬೀದಿಯ ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ವಸ್ತ್ರ ಹರವಿಸಿದಳು. ಇದರ ದಾರ ಒರಟು, ಅದರ ಚಕ್ರ ಓರೆ, ಇನ್ನೊಂದಕ್ಕೆ ಮೆಶಿನ್ನಿನ ಅಂಚು. ಹೆಣೆಯಲು ಬಾರದಿದ್ದರೂ ನೋಡಲು ಅವಳಿಗೆ ಬರುತ್ತಿತ್ತು. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿ ಬೆಳೆದ ಕಣ್ಣು. ಗುಡ್ಡೆಯ ಅಡಿಯಿಂದ ಒಂದು ಬಂತು. ನಡುವೆ ದೊಡ್ಡ ಸೀಬೆ ಹೂ, ಸುತ್ತ ಮಲ್ಲಿಗೆ, ಒಂದೆಳೆಯೂ ಸಡಿಲವಿಲ್ಲ. ಅವಳ ಕೈ ಅದರ ಮೇಲೆಯೇ ನಿಂತಿತು. ಅಮ್ಮನ ಕೈಯೇ ಎದ್ದು ಬಂದ ಹಾಗಿತ್ತು. ಹೇಳಿದ ಬೆಲೆಗೆ ಎದುರಾಡದೆ ಕೊಂಡು, ಪತ್ರಿಕೆಯಲ್ಲಿ ಸುತ್ತಿಸಿ, ಚೀಲದ ತಳಕ್ಕೆ ಹಾಕಿ, ಮೇಲೆ ಈರುಳ್ಳಿ ತುಂಬಿಕೊಂಡು ಮನೆಗೆ ಬಂದಳು. ಅಂಗಡಿಯ ವಾಸನೆ ಹೋಗಲೆಂದು ಒಗೆದು, ಗಂಜಿ ಹಾಕಿ, ಮತ್ತೆ ಒಣಗಿಸಿದಳು.

ಎಂಟನೆಯ ದಿನ ಪ್ರಾರ್ಥನೆ ಮುಗಿಯುತ್ತಲೇ ನ್ಯಾ ತೆಯೋಫಿಲಾ, "ಎಲ್ಲಿ, ತಾ ನೋಡೋಣ ನಿನ್ನ ಪವಾಡಾನ," ಎಂದಳು. ನಿಮಿಯಾ ವಸ್ತ್ರ ತಂದಳು. ಅದು ಕೈಯಿಂದ ಕೈಗೆ ಹೋಯಿತು. ಹೆಂಗಸರು ಬೆಳಕಿಗೆ ಹಿಡಿದು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಲಿದುವಿನಾಳ ತೊಡೆಗೆ ಬಂತು. ಅವಳು ಅದನ್ನು ಕಣ್ಣಿನ ಹತ್ತಿರ ತರಲೇ ಇಲ್ಲ. ಬೆರಳ ತುದಿಯಿಂದ ನಡುವಿನ ಹೂವನ್ನು ಮುಟ್ಟಿದಳು, ಒಂದೊಂದು ದಳವಾಗಿ ಸುತ್ತ ಬಂದಳು, ಅಂಚಿಗೆ ಹೋದಳು, ಒಂದು ಮೂಲೆಯಲ್ಲಿ ಬೆರಳು ನಿಲ್ಲಿಸಿದಳು.

"ಅಮ್ಮನ ಕೈಯೇ," ಎಂದಳು ಲಿದುವಿನಾ. "ಬೇರೆ ಮಾತಿಲ್ಲ."

ಹೆಂಗಸರು ಶಿಲುಬೆ ಗುರುತು ಹಾಕಿಕೊಂಡರು. ನ್ಯಾ ತೆಯೋಫಿಲಾ ಎದ್ದು ಬಂದು ನಿಮಿಯಾಳ ಹಣೆಗೆ ಮುತ್ತಿಟ್ಟಳು. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ಈ ಊರಿನಲ್ಲಿ ಅವಳು ಕಸಿಯಾನಳ ಮಗಳಾಗಿ ನಿಂತಿದ್ದಳು. ಆ ಸುಖ ಸ್ವಲ್ಪ ಹೊತ್ತು ಇತ್ತು. ಆಮೇಲೆ ಪಾತ್ರೆ ತೊಳೆಯುವಾಗ ಅವಳಿಗೆ ಆ ಮೂಲೆಯಲ್ಲಿ ನಿಂತ ಬೆರಳು ನೆನಪಾಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಸಮಾಧಿಗೆ ಹೋಗುವ ಮೊದಲು ಬಂದವರಿಗೆಲ್ಲ ಹಂಚಲು ಚಿಪಾ ರೊಟ್ಟಿ ಬೇಯಿಸಬೇಕಿತ್ತು. ಹಿತ್ತಲ ಮಣ್ಣಿನ ಗೂಡೊಲೆಗೆ ಬೆಂಕಿ ಹಾಕುವಷ್ಟರಲ್ಲಿ ಲಿದುವಿನಾ ಕರೆಯದೆಯೇ ಬಂದಳು. ತೋಳು ಮಡಿಸಿಕೊಂಡು ಮರಗೆಣಸಿನ ಹಿಟ್ಟು, ಚೀಸು, ಮೊಟ್ಟೆ ಕಲಸಲು ಕುಳಿತಳು. ಇಬ್ಬರೇ ಇದ್ದರು.

"ಮಾರ್ಚಲ್ಲಿ ಮುಗಿಸಿದ್ದೆ ಅದನ್ನ," ಎಂದಳು, ಹಿಟ್ಟಿನಿಂದ ಕೈ ತೆಗೆಯದೆ.

"ಯಾವುದನ್ನ?"

"ನಿನ್ನ ವಸ್ತ್ರಾನ. ಒಂದು ಮೂಲೇಲಿ ದಾರ ಮುಗೀತು, ಎರಡು ಗಂಟು ಹಾಕಿ ಸೇರಿಸಿದ್ದೆ. ವ್ಯಾಪಾರಿ ತಗೊಂಡು ಹೋದ. ಎಲ್ಲಿ ಸಿಕ್ತು ನಿಂಗೆ?"

ನಿಮಿಯಾ ಗೂಡಿಗೆ ಒಂದು ಸೌದೆ ತುರುಕಿದಳು, ಇನ್ನೊಂದು ತುರುಕಿದಳು. "ಕಾಕುಪೇಲಿ," ಎಂದಳು.

"ಅಷ್ಟು ದೂರಾನಾ?"

"ನಿನ್ನೇನೇ ಯಾಕೆ ಹೇಳ್ಲಿಲ್ಲ? ಎಲ್ರ ಮುಂದೆ ನನ್ನ ಮಾನ ತೆಗೀಬಹುದಿತ್ತಲ್ಲ."

"ತೆಗೆದು ಏನು ಮಾಡ್ಲಿ? ಉಪ್ಪಿನಕಾಯಿ ಹಾಕ್ಲಾ?"

"ಇಷ್ಟು ದಿನ ನಾನು ಕಾಯ್ತಿದ್ದೆ," ನಿಮಿಯಾಳ ದನಿ ಏರಿತು. "ಇವತ್ತು ವಸ್ತ್ರ ತರ್ತಾಳೆ, ನಾಳೆ ತರ್ತಾಳೆ, ತಂದು ಎಲ್ರ ಮುಂದೆ ಹರವ್ತಾಳೆ ಅಂತ. ಯಾಕೆ ತರ್ಲಿಲ್ಲ ನೀನು? ಅದನ್ನಾದ್ರೂ ಹೇಳು."

"ಹೇಗೆ ತರ್ಲಿ ಮಾರಾಯ್ತಿ? ನಂಗೆ ನಿನ್ನ ಮುಖ ಕಾಣಲ್ಲ. ದನಿ ಎಲ್ಲಿಂದ ಬರುತ್ತೋ ಆ ಕಡೆ ನೋಡಿ ಮಾತಾಡ್ತಿದ್ದೀನಿ. ಮಾರ್ಚಲ್ಲಿ ಮಾಡಿದ್ದೇ ಕೊನೇದು. ಅದನ್ನೂ ಅರ್ಧ ಬೆರಳಲ್ಲೇ ಮಾಡಿದ್ದು."

ನಿಮಿಯಾ ತಿರುಗಿ ನೋಡಿದಳು. ಲಿದುವಿನಾಳ ಕಣ್ಣು ಅವಳ ಕಿವಿಯ ಪಕ್ಕದಲ್ಲಿ ಎಲ್ಲೋ ನೆಟ್ಟಿತ್ತು. ಇಷ್ಟು ದಿನ ಜಗಲಿಯ ಕಂಬ ಹಿಡಿದು ಮೆಟ್ಟಿಲು ಹತ್ತುತ್ತಿದ್ದದ್ದನ್ನು ಅವಳು ಠೀವಿ ಅಂದುಕೊಂಡಿದ್ದಳು.

"ಯಾರಿಗೆ ಗೊತ್ತು ಇದು?"

"ಅಮ್ಮನಿಗೆ ಗೊತ್ತಿತ್ತು."

"ಅಮ್ಮನಿಗೆ," ಎಂದಳು ನಿಮಿಯಾ. ಇಲ್ಲೂ ಅಮ್ಮನಿಗೆ.

ಲಿದುವಿನಾ ಹಿಟ್ಟನ್ನು ಉಂಡೆ ಮಾಡಿ ಬಾಳೆ ಎಲೆಯ ಮೇಲೆ ಇಟ್ಟಳು. "ನಿನ್ನ ಕೈಯಿಂದ ಅಮ್ಮ ಚೌಕಟ್ಟು ಯಾಕೆ ಕಿತ್ಕೊಂಡ್ರು ಗೊತ್ತಾ?"

"ನನ್ನ ಕೈ ಒರಟು ಅಂತ. ಅದನ್ನೂ ನೀನು ಹೇಳ್ಬೇಕಾ ಈಗ?"

"ನಿನ್ನ ಹೂವು ಚೆನ್ನಾಗಿತ್ತು. ನಾನು ಬೇಲಿಯಿಂದ ನೋಡಿದ್ದೆ. ನನ್ನ ಮೊದಲ ಹೂವಿಗಿಂತ ಎಷ್ಟೋ ಚೆನ್ನಾಗಿತ್ತು. ಅದಕ್ಕೇ ಅಮ್ಮ ಹೆದರಿದ್ದು. ಮೂರು ವರ್ಷದ ಹಿಂದೆ ಈಸ್ಟರಿಗೆ ಮುಂಚೆ ಒಂದು ಗುರುವಾರ ನನ್ನ ಕೈ ಹಿಡ್ಕೊಂಡು ಹೇಳಿದ್ರು. 'ಈ ಕೆಲಸ ಕಣ್ಣು ತಿನ್ನುತ್ತೆ, ಬೆನ್ನು ತಿನ್ನುತ್ತೆ ಕಣೇ. ಆದ್ರೂ ನನ್ನ ಜೊತೆ ಇದು ಸಾಯಬಾರ್ದು ಅಂತ ಆಸೆ ಇತ್ತು. ನನ್ನ ಮಗಳ ಕಣ್ಣು ಕೊಡೋಕೆ ಮನಸ್ಸು ಬರ್ಲಿಲ್ಲ. ನಿನ್ನದು ಕೊಟ್ಟೆ. ಕ್ಷಮಿಸು' ಅಂದ್ರು."

ಗೂಡಿನಲ್ಲಿ ಬೆಂಕಿ ಹತ್ತಿಕೊಂಡು ಸದ್ದು ಮಾಡುತ್ತಿತ್ತು.

"ನೀನೇನಂದೆ?"

"ಎದ್ದು ಹೋದೆ. ಮೂರು ಗುರುವಾರ ಬರ್ಲಿಲ್ಲ."

ಆ ಮೂರು ಗುರುವಾರ ನಿಮಿಯಾಳಿಗೆ ಚೆನ್ನಾಗಿ ನೆನಪಿತ್ತು. ತಾಯಿ ಓಲೆ ಹಾಕಿಕೊಂಡು ಜಗಲಿಯಲ್ಲಿ ಬೀದಿ ನೋಡುತ್ತ ಕುಳಿತಿದ್ದಳು, ಊಟಕ್ಕೂ ಏಳಲಿಲ್ಲ. ನಿಮಿಯಾ ಒಳಗೆ ಹಾಡು ಗುನುಗುತ್ತ ಪಾತ್ರೆ ತೊಳೆದಿದ್ದಳು. ಕೊನೆಗೂ ಇವಳ ಕಾಟ ತಪ್ಪಿತು ಎಂದು ನೆರೆಯವಳಿಗೆ ಅಂದಿದ್ದಳು ಕೂಡ.

"ಮತ್ತೆ ಯಾಕೆ ಬಂದೆ?"

"ಎಲ್ಲಿಗೆ ಹೋಗ್ಲಿ? ನಮ್ಮನೇಲಿ ಏಳು ಮಕ್ಕಳು. ನಮ್ಮಮ್ಮ ನನ್ನ ಕರೀಬೇಕಾದ್ರೆ ಬೇರೆ ಐದು ಹೆಸರು ಕೂಗಿ ಆಮೇಲೆ ನನ್ನದಕ್ಕೆ ಬರ್ತಿದ್ಲು. ಇಲ್ಲಿ ಒಂದೇ ಸಲಕ್ಕೆ ಕರೀತಿದ್ರು." ಲಿದುವಿನಾ ಮೊಣಕೈಯಿಂದ ಮೂಗು ಒರೆಸಿಕೊಂಡಳು. "ಆದ್ರೆ ಆಮೇಲೆ ನಿನ್ನ ದನಿ ಕೇಳಿದ್ರೆ ಹೊಟ್ಟೆ ಉರೀತಿತ್ತು. ನೀನು ತೆರೆರೆ ತಗೊಂಡು ಹೊರಗೆ ಬಂದ್ರೆ ನನ್ನ ಮಾತೇ ನಿಂತುಹೋಗ್ತಿತ್ತು. ಅರವತ್ತಾದ್ರೂ ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸ್ತೀಯಂತೆ ನೀನು. ಅಮ್ಮ ಹೇಳ್ತಿದ್ರು, ಅದೊಂದು ದೊಡ್ಡ ಸಂಪತ್ತು ಅನ್ನೋ ಹಾಗೆ."

ನಿಮಿಯಾಳಿಗೆ ಮೊದಲು ಬಂದದ್ದು ಸಂತೋಷ. ಅದನ್ನು ಅವಳು ಮುಚ್ಚಿಡಲು ನೋಡಿದಳು, ಆಗಲಿಲ್ಲ. ಅಮ್ಮ ನನ್ನನ್ನು ಕಾಪಾಡಿದಳು. ನೆರೆಯವಳ ಮಗಳನ್ನು ಕೊಟ್ಟು ನನ್ನನ್ನು ಉಳಿಸಿಕೊಂಡಳು. ಎದುರಿಗೆ ಮಬ್ಬು ಕಣ್ಣಿನವಳು ಹಿಟ್ಟಿನ ಕೈಯಲ್ಲಿ ಕುಳಿತಿರುವಾಗ ಹಾಗನ್ನಿಸುವುದು ಪಾಪವೆಂದು ಗೊತ್ತಿದ್ದೂ ಅದು ಇಳಿಯಲಿಲ್ಲ. ಅದು ಇಳಿಯುವ ಮೊದಲೇ ಇನ್ನೊಂದು ಹೊಗೆಯಾಡಿತು. ಈ ಮಾತನ್ನು ಅಮ್ಮ ಇವಳ ಕೈ ಹಿಡಿದು ಹೇಳಿದಳು. ಕ್ಷಮೆ ಕೇಳಿದಳು. ಹನ್ನೊಂದು ವರ್ಷ ಬೆನ್ನು ಉಜ್ಜಿದವಳಿಗೆ, ನಲವತ್ತೊಂಬತ್ತು ವರ್ಷ ತನ್ನ ಕೈ ಒರಟೆಂದು ನಂಬಿ ಬದುಕಿದವಳಿಗೆ, ಒಂದು ಮಾತಿಲ್ಲ.

"ನನಗೆ ಹೇಳ್ಬಹುದಿತ್ತು," ಎಂದಳು.

"ಹೇಳ್ಬಹುದಿತ್ತು," ಎಂದಳು ಲಿದುವಿನಾ. "ತಿರುಗಿ ಬಂದ ಮೇಲೆ ನಾನೂ ಅದನ್ನೇ ಕೇಳಿದೆ. 'ಹೇಳಿದ್ರೆ ನಿಮಿಯಾ ನಿನ್ನ ಮುಖ ನೋಡಲಾರಳು' ಅಂದ್ರು."

ಆಮೇಲೆ ಇಬ್ಬರೂ ಚಿಪಾ ಬೇಯಿಸಿದರು. ಮೊದಲ ತಟ್ಟೆ ಸ್ವಲ್ಪ ಸೀದುಹೋಯಿತು.

ಸಮಾಧಿಯ ಬಳಿ ಜನ ನೆರೆದಿದ್ದರು. ಹೊಸದಾಗಿ ಬಿಳಿ ಬಣ್ಣ ಬಳಿದ ಮರದ ಶಿಲುಬೆಗೆ ನಿಮಿಯಾ ವಸ್ತ್ರ ಹೊದಿಸಿದಳು. ನ್ಯಾ ತೆಯೋಫಿಲಾ ಗಂಟಲು ಸರಿಮಾಡಿಕೊಂಡು, "ಸ್ವಾಮಿ, ಒಬ್ಬಳೇ ಮಗಳು ತನ್ನ ಕೈಯಾರೆ ಹೆಣೆದು ತಂದ ಈ ವಸ್ತ್ರವನ್ನು..." ಎಂದು ಶುರುಮಾಡಿದಳು. ಲಿದುವಿನಾ ತಲೆಬಗ್ಗಿಸಿ ನಿಂತಿದ್ದಳು. ಅವಳು ಏನೂ ಹೇಳುವುದಿಲ್ಲ ಎಂದು ನಿಮಿಯಾಳಿಗೆ ಗೊತ್ತಿತ್ತು, ಸಾಯುವವರೆಗೂ ಹೇಳುವುದಿಲ್ಲ. ಆ ದೊಡ್ಡತನವನ್ನೂ ಅವಳಿಗೇ ಬಿಟ್ಟುಕೊಡಲು ನಿಮಿಯಾಳಿಂದ ಆಗಲಿಲ್ಲ.

"ನ್ಯಾ ತೆಯೋಫಿಲಾ, ಸ್ವಲ್ಪ ನಿಲ್ಸಿ," ಎಂದಳು. "ಇದನ್ನ ಹೆಣೆದದ್ದು ಲಿದುವಿನಾ. ನಾನು ಅಂಗಡಿಯಿಂದ ಕೊಂಡು ತಂದೆ. ಸುಳ್ಳು ಹೇಳಿದ್ದೆ."

ಯಾರೋ ಕೆಮ್ಮಿದರು. ಮುದುಕಿ ಜಪಮಾಲೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಇದನ್ನ ನಿನ್ನೇನೇ ಹೇಳಿದ್ರೆ ನಾನು ಕೊಟ್ಟ ಮುತ್ತಾದ್ರೂ ಉಳೀತಿತ್ತು," ಎಂದು, ಅದೇ ಉಸಿರಿನಲ್ಲಿ ಪ್ರಾರ್ಥನೆಯನ್ನು ಮೊದಲಿನಿಂದ ಶುರುಮಾಡಿದಳು. ಈ ಸಲ ಲಿದುವಿನಾಳ ಹೆಸರು ಹಾಕಿ. ಹೆಸರು ಕೇಳಿದಾಗ ನಿಮಿಯಾಳಿಗೆ ಚುಚ್ಚಿತು. ಚುಚ್ಚದೆ ಇರುತ್ತದೆ ಎಂದು ಅವಳೂ ಅಂದುಕೊಂಡಿರಲಿಲ್ಲ.

ಆಗಸ್ಟ್ ತಿಂಗಳಲ್ಲಿ ನಿಮಿಯಾ ಲಿದುವಿನಾಳನ್ನು ರಾಜಧಾನಿ ಅಸುನ್ಸಿಯೋನ್‌ಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕರುಣೆಯಿಂದ ಹೋದೆ ಎಂದು ಅವಳು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಲಿದುವಿನಾಳ ಮಗ ದೂರದ ದನ ಸಾಕುವ ಫಾರ್ಮಿನಲ್ಲಿ ಕೆಲಸಕ್ಕಿದ್ದ, ಬೇರೆ ಯಾರೂ ಇರಲಿಲ್ಲ. ಬಲಗಣ್ಣಿಗೆ ಇನ್ನು ಏನೂ ಮಾಡುವ ಹಾಗಿಲ್ಲ, ಎಡಗಣ್ಣಿನ ಪೊರೆ ತೆಗೆಯಬಹುದು ಎಂದು ಡಾಕ್ಟರು ಹೇಳಿದರು. ಎರಡು ವಾರ ಬಿಟ್ಟು ಆಪರೇಷನ್ನಿಗೆ ಮತ್ತೆ ಹೋದರು. ಉದ್ದನೆಯ ಬೆಂಚಿನಲ್ಲಿ ಕಾಯುತ್ತ ಕುಳಿತಿದ್ದಾಗ ಪಕ್ಕದಲ್ಲಿದ್ದ ಪಿಲಾರ್ ಊರ ಕಡೆಯ ಹೆಂಗಸೊಬ್ಬಳು ಮಾತಿಗೆ ತೊಡಗಿದಳು.

"ನೀವಿಬ್ರೂ ಅಕ್ಕತಂಗೀರಾ?"

"ಅಲ್ಲ," ಎಂದಳು ನಿಮಿಯಾ ತಕ್ಷಣ.

"ಹೋದ ಜೂನಲ್ಲಿ ನಮ್ಮಮ್ಮ ಹೋದ್ರು," ಎಂದಳು ಲಿದುವಿನಾ, ಅದನ್ನು ಕೇಳಿಸಿಕೊಳ್ಳದವಳ ಹಾಗೆ. "ತೊಂಬತ್ನಾಲ್ಕು ವರ್ಷ. ಕಬ್ಬು ಕಡಿದು ತಿನ್ನೋರು. ಒಂದು ಹಲ್ಲು ಬಿಟ್ರೆ ಎಲ್ಲಾ ಗಟ್ಟಿ."

"ಎರಡು," ಎಂದಳು ನಿಮಿಯಾ.

"ಒಂದು. ಮೇಲಿನ ಎಡಗಡೆದು."

"ಎರಡು. ಕೆಳಗೆ ಹಿಂದುಗಡೆ ಇನ್ನೊಂದು. ಹನ್ನೊಂದು ವರ್ಷ ಬಾಯಿ ತೊಳೆಸಿದ್ದು ನಾನು."

"ನಗಿಸಿದ್ದು ನಾನು. ಬಾಯಿ ಪೂರ್ತಿ ತೆರೆದಾಗ ನೋಡಿದ್ದೀನಿ."

ಪಿಲಾರಿನ ಹೆಂಗಸು ಒಬ್ಬಳ ಮುಖ ಬಿಟ್ಟು ಇನ್ನೊಬ್ಬಳ ಮುಖ ನೋಡಿದಳು. ನಿಮಿಯಾ ಬೆಂಚಿನಲ್ಲಿ ಪೂರ್ತಿ ಲಿದುವಿನಾಳ ಕಡೆ ತಿರುಗಿ ಕುಳಿತಳು. "ಏನಂತ ನಗಿಸ್ತಿದ್ದೆ? ಹೇಳು. ಅಷ್ಟೊಂದು ನಗೋ ಅಂಥದ್ದೇನಿತ್ತು ನಿಮ್ಮಿಬ್ರ ಮಧ್ಯೆ?"

"ಹೇಳಿದ್ರೆ ನಿಂಗೆ ಸಿಟ್ಟು ಬರುತ್ತೆ."

"ಬರಲಿ."

"ನೀನು ಶಾಲೇಲಿ ಮಕ್ಕಳಿಗೆ ಪಾಠ ಮಾಡೋ ಹಾಗೆ ಅಮ್ಮ ನಡೆದು ತೋರಿಸ್ತಿದ್ರು. ಕೈ ಬೆನ್ನ ಹಿಂದೆ ಕಟ್ಕೊಂಡು, ಕತ್ತು ಮುಂದೆ ಹಾಕಿ. ಎಂಬತ್ತೊಂಬತ್ತು ವಯಸ್ಸಲ್ಲಿ, ಕೋಲು ಗೋಡೆಗೆ ಒರಗಿಸಿ, ಜಗಲಿ ಮೇಲೆ ನಾಲ್ಕು ಹೆಜ್ಜೆ. ಯಥಾವತ್ ನೀನೇ. ಆಮೇಲೆ ಕೂತ್ಕೊಂಡು ಉಸಿರು ಬಿಡೋರು, ನನ್ನ ಮಗಳು ಎಷ್ಟು ಸೀದಾ ನಡೀತಾಳೆ ನೋಡು ಅಂತ."

ಅಷ್ಟರಲ್ಲಿ ನರ್ಸು ಬಾಗಿಲಿಗೆ ಬಂದು ಲಿದುವಿನಾಳ ಹೆಸರು ಕರೆದಳು. ಲಿದುವಿನಾ ಎದ್ದು, ಗೋಡೆ ಎಲ್ಲಿದೆ ಎಂದು ಕೈಚಾಚಿ ಹುಡುಕಿದಳು. ನಿಮಿಯಾ ಅವಳ ತೋಳು ಹಿಡಿದಳು, ಸ್ವಲ್ಪ ಬಿಗಿಯಾಗಿಯೇ.

"ಎಷ್ಟು ಸಲ ಮಾಡಿ ತೋರಿಸಿದ್ರು?" ಎಂದು ನಡೆಯುತ್ತ ಕೇಳಿದಳು.

"ಲೆಕ್ಕ ಇಟ್ಟಿಲ್ಲ ಕಣೇ. ಮೆಟ್ಟಿಲಿದ್ರೆ ಹೇಳು."

"ಇದೆ. ಒಂದು," ಎಂದಳು ನಿಮಿಯಾ. "ಕಾಲೆತ್ತು."